ದಾವಲಸಾಬರ ಒಂಬತ್ತು

ದೊಡ್ಡ ವಿದ್ಯೆ ಬಂದವರು ತಗ್ಗಿ ಬಗ್ಗಿ ನಡೆಯುವುದನ್ನು ನಾನು ನೋಡಿದ್ದೇನೆ. ಸಣ್ಣ ವಿದ್ಯೆ ಬಂದವರ ಮಾತೇ ಬೇರೆ. ನನ್ನನ್ನೇ ತೆಗೆದುಕೊಳ್ಳಿ. ಇಪ್ಪತ್ತೆರಡು ವರ್ಷಗಳಿಂದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೇನೆ. ಬೀಜಗಣಿತದಲ್ಲಿ ತಪ್ಪಿದರೆ ನಕ್ಕು ತಿದ್ದಿಕೊಳ್ಳುತ್ತೇನೆ. ರೇಖಾಗಣಿತದಲ್ಲಿ ಮಕ್ಕಳೇ ನನ್ನ ತಪ್ಪು ಹಿಡಿದರೆ ಬೆನ್ನು ತಟ್ಟುತ್ತೇನೆ. ರೋಮನ್ ಅಂಕಿಗಳ ವಿಷಯಕ್ಕೆ ಮಾತ್ರ ಯಾರೂ ನನ್ನ ಮುಂದೆ ಬಾಯಿ ತೆರೆಯಬಾರದು. ಮುಂಡಗೋಡದ ಶಾಲೆಯಲ್ಲಿದ್ದಾಗ ಸ್ಟಾಫ್ ರೂಮಿನಲ್ಲಿ ಯಾರಿಗೆ XLIV ಎದುರಾದರೂ ಪುಸ್ತಕ ಹಿಡಿದುಕೊಂಡು ನನ್ನ ಹತ್ತಿರವೇ ಬರುತ್ತಿದ್ದರು. ಸಣ್ಣದು ದೊಡ್ಡದರ ಬಲಕ್ಕೆ ಕೂತರೆ ಕೂಡಬೇಕು, ಎಡಕ್ಕೆ ಕೂತರೆ ಕಳೆಯಬೇಕು; ಐವತ್ತರಲ್ಲಿ ಹತ್ತು ಹೋಯಿತು, ಐದರಲ್ಲಿ ಒಂದು ಹೋಯಿತು, ನಲವತ್ತನಾಲ್ಕು. ಇಷ್ಟೇ ವಿದ್ಯೆ. ಇದನ್ನು ಹೇಳುವಾಗ ನಾನು ಕನ್ನಡಕ ಸರಿಮಾಡಿಕೊಳ್ಳುತ್ತಿದ್ದ ಗತ್ತನ್ನು ನೀವು ನೋಡಬೇಕಿತ್ತು.

ಒಮ್ಮೆ ಸಂತೆಯಲ್ಲಿ ಗೋಡೆ ಗಡಿಯಾರ ಕೊಳ್ಳಲು ಹೋದೆವು. ನಾಲ್ಕರ ಜಾಗದಲ್ಲಿ IV ಇರಬೇಕಾದಲ್ಲಿ IIII ಎಂದು ನಾಲ್ಕು ಗೀಟು ಎಳೆದಿದ್ದರು. ನಾನು ಗಡಿಯಾರ ಕೆಳಗಿಟ್ಟೆ. ಮಾರುವವನು ಟೈಮಂತೂ ಬರೋಬರಿ ತೋರಿಸುತ್ತದಲ್ಲ ಎಂದ. ನಮ್ಮವರೂ ಅವನ ಪಕ್ಷ ವಹಿಸಿದರು. ಜಪ್ಪಯ್ಯ ಎಂದರೂ ನಾನು ಒಪ್ಪಲಿಲ್ಲ. ಮುಂದೆ ಎರಡು ವರ್ಷ ನಮ್ಮ ಅಡುಗೆಮನೆಯಲ್ಲಿ ಗಡಿಯಾರವೇ ಇರಲಿಲ್ಲ, ಅನ್ನ ಎಷ್ಟೋ ಸಲ ಸೀದುಹೋಯಿತು, ಆದರೆ ಗಣಿತಕ್ಕೆ ಮಾತ್ರ ಕುಂದು ಬರಲಿಲ್ಲ.

ಇಂಥ ನನಗೆ ದಾಂಡೇಲಿಗೆ ವರ್ಗವಾಯಿತು. ಬಂಗೂರನಗರದಲ್ಲಿ ಮನೆ ಸಿಕ್ಕಿತು. ಎಲ್ಲ ಸಾಮಾನೂ ಲಾರಿ ಏರಲು ತಯಾರಾದವು, ಅತ್ತೆಯವರ ಸಾಗವಾನಿ ಕಪಾಟೊಂದನ್ನು ಬಿಟ್ಟು. ಅದು ನಮ್ಮ ಮಾವನವರು ಮುತುವರ್ಜಿಯಿಂದ ಮಾಡಿಸಿದ್ದು. ಒಂದೂ ಮೊಳೆಯಿಲ್ಲ, ಎಲ್ಲ ಬರೀ ತೂತು, ಅದರಲ್ಲಿ ಕೂರುವ ಪಟ್ಟಿಯ ತುದಿ ಮತ್ತು ಬೆಣೆ. ಬಂದವರಿಗೆಲ್ಲ ಅತ್ತೆ ಮೊದಲು ಚಹಾ ಕೊಡುತ್ತಾರೆ, ಆಮೇಲೆ ಮೊಳೆಯಿಲ್ಲದ ವಿಷಯ ಹೇಳುತ್ತಾರೆ. ಅದನ್ನು ಬಿಚ್ಚಿದರೆ ಮತ್ತೆ ಕೂಡುವುದಿಲ್ಲ, ಕೊನೆಗೆ ಮೊಳೆ ಹೊಡೆಯುತ್ತೀರಿ ಎಂಬುದು ಅವರ ಭಯ. ಒಂದು ಮೊಳೆಯನ್ನೂ ಸೋಕಿಸದೆ ನಾನೇ ನಿಲ್ಲಿಸಿಕೊಡುತ್ತೇನೆ ಎಂದು ಅವರ ಕೈ ಹಿಡಿದು ಮಾತು ಕೊಟ್ಟೆ. ಅವರು ನಂಬಿದರು. ಗಣಿತದ ಸೊಸೆ ಎಂದು ಅವರಿಗೆ ನನ್ನ ಮೇಲೆ ಮೊದಲಿನಿಂದಲೂ ಅಭಿಮಾನ.

ಬಿಚ್ಚಲು ಬಂದವರು ಬಡಗಿ ದಾವಲಸಾಬರು. ಹನ್ನೆರಡು ಅಡ್ಡಪಟ್ಟಿಗಳನ್ನು ಒಂದೊಂದಾಗಿ ಬಿಚ್ಚುತ್ತ, ಪಟ್ಟಿಯ ತುದಿಗೂ ಅದು ಕೂರುವ ತೂತಿನ ಪಕ್ಕಕ್ಕೂ ಉಳಿಯಿಂದ ಒಂದೇ ಗುರುತು ಹೊಡೆಯುತ್ತಿದ್ದರು. ಒಂದಕ್ಕೆ ಒಂದು ಗೀಟು, ಐದಕ್ಕೆ V, ಹತ್ತಕ್ಕೆ X. ನನಗೆ ರೋಮಾಂಚನವಾಯಿತು. ನಮ್ಮ ಪಡಸಾಲೆಯಲ್ಲಿ ರೋಮನ್ ಅಂಕಿ! ಕೇಳಿದರೆ ಅವರಿಗೆ ರೋಮೂ ಗೊತ್ತಿಲ್ಲ, ಅಂಕಿಯೂ ಗೊತ್ತಿಲ್ಲ. ಅಪ್ಪ ಹೊಡೆಯುತ್ತಿದ್ದುದನ್ನು ನೋಡಿ ಕಲಿತದ್ದಂತೆ. ಉಳಿಗೆ ನೇರ ಗೀಟು ಸಲೀಸು, ನಮ್ಮ ಮೂರು, ಆರುಗಳನ್ನು ಸುತ್ತಿಸಿ ಕೆತ್ತುತ್ತ ಕೂತರೆ ಹೊತ್ತು ಮುಳುಗುತ್ತದೆ. ಎಲ್ಲ ಸರಿ. ಆದರೆ ನಾಲ್ಕಕ್ಕೆ ಅದೇ ಸಂತೆಯ ಗಡಿಯಾರದ IIII. ಒಂಬತ್ತಕ್ಕಂತೂ VIIII. ನನ್ನ ಕಣ್ಣಿಗೆ ಕಸ ಬಿದ್ದ ಹಾಗಾಯಿತು. ತಿದ್ದಿ ಎಂದೆ.

"ಇರ್ಲಿ ಬಿಡ್ರಿ ಅಕ್ಕೋರ, ನಮ್ಮದು ಹಿಂಗ ನಡಕೊಂತ ಬಂದೈತಿ" ಎಂದು ಅವರು ಚಹಾ ಕುಡಿಯಲು ಹೊರಗೆ ಹೋದರು.

ಉಳಿ ಅಲ್ಲೇ ಇತ್ತು. ಇಪ್ಪತ್ತೆರಡು ವರ್ಷ ಕೆಂಪು ಪೆನ್ನು ಹಿಡಿದ ಕೈ ಸುಮ್ಮನಿರುತ್ತದೆಯೇ? ಅವರ ಗೀಟುಗಳನ್ನು ಕೆರೆದು ತೆಗೆದು, ನಾಲ್ಕನ್ನು IV ಮಾಡಿದೆ, ಒಂಬತ್ತನ್ನು IX ಮಾಡಿದೆ. ಜೋಡಿಸಲು ರವಿವಾರ ಬರುತ್ತೇನೆ ಎಂದು ದಾವಲಸಾಬರು ಹೊರಟಾಗ, ಅಷ್ಟು ದೂರ ಯಾಕೆ ಬರುತ್ತೀರಿ, ನಂಬರು ಓದಲು ನನಗೆ ಬರುತ್ತದೆ ಎಂದು ಬೀಳ್ಕೊಟ್ಟೆ.

ದಾಂಡೇಲಿಯಲ್ಲಿ ಕಪಾಟು ಕೂಡಿಸುವಾಗ ಅತ್ತೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿ, ಪಟ್ಟಿ ಕೂರಿಸಿ, ಬೆಣೆ ಬಡಿದೆ. ಸುತ್ತಿಗೆಯ ಏಟು ಬಿದ್ದಂತೆಲ್ಲ ನನ್ನ ಎದೆ ಉಬ್ಬುತ್ತಿತ್ತು. ಎಲ್ಲ ಮುಗಿದು ಬಾಗಿಲು ಹಾಕಲು ಹೋದರೆ ಕಾಲು ಇಂಚು ತೆರೆದೇ ಉಳಿಯಿತು. ದೂರ ನಿಂತು ನೋಡಿದೆ.

"ನಮ್ಮ ಕಪಾಟ ಜೋಯಿಡಾಕ್ಕ ಹೊಂಟಂಗ ಕಾಣತೈತಲ್ಲವಾ" ಎಂದರು ಅತ್ತೆ. ನಿಜ, ಅದು ಆ ಊರಿನ ದಿಕ್ಕಿಗೇ ವಾಲಿತ್ತು.

ಎರಡು ದಿನ ಬಿಚ್ಚಿದೆ, ಕೂಡಿಸಿದೆ. ಪ್ರತಿ ಸಲವೂ ಅಂಕಿ ಸರಿ, ಕಪಾಟು ಸೊಟ್ಟ. ಒಂಬತ್ತು, ಹನ್ನೊಂದರ ಮೇಲೆ ಸಂಶಯ ಬಂದು ಮತ್ತೊಮ್ಮೆ ಓದಿದೆ; ಒಂಬತ್ತನೆಯ ತೂತಿನಲ್ಲಿದ್ದ ಪಟ್ಟಿಯ ಮೇಲೆ IX ಎಂದೇ ಇತ್ತು. ಮೂರನೆಯ ದಿನ ನಮ್ಮವರು ಒಂದು ಮೊಳೆ, ಸುತ್ತಿಗೆ ಹಿಡಿದುಕೊಂಡು ಬಂದರು. ಒಂದೇ ಒಂದು, ಹಿಂದುಗಡೆ, ಯಾರಿಗೂ ಕಾಣುವುದಿಲ್ಲ ಎಂದರು. ಅತ್ತೆ ಎದ್ದು ಹೋಗಿ ಕಪಾಟಿಗೆ ಬೆನ್ನು ಕೊಟ್ಟು ನಿಂತು ನನ್ನ ಮುಖ ನೋಡಿದರು. ಆ ನೋಟಕ್ಕೆ ನನಗೆ ಅಳುವೇ ಬಂತು. ಅಭಿಮಾನವನ್ನು ಗಂಟುಕಟ್ಟಿಟ್ಟು ದಾವಲಸಾಬರಿಗೆ ಫೋನ್ ಮಾಡಿದೆ.

ರವಿವಾರ ಬಂದರು. ಪಟ್ಟಿ ನೋಡಿದರು, ನನ್ನ ಕೆತ್ತನೆ ನೋಡಿದರು, ಬೈಯಲಿಲ್ಲ. ಹನ್ನೊಂದರ ತೂತಿನಲ್ಲಿದ್ದ ಪಟ್ಟಿಯನ್ನು ಬಿಚ್ಚಿ ನನ್ನ ಕಣ್ಣೆದುರೇ ತಿರುಗಿಸಿದರು. XI ಇದ್ದದ್ದು IX ಆಯಿತು. ಒಂಬತ್ತು, ಹನ್ನೊಂದರ ಪಟ್ಟಿಗಳು ತಲೆಕೆಳಗಾಗಿ ಒಂದರ ಜಾಗದಲ್ಲಿ ಇನ್ನೊಂದು ಕೂತಿದ್ದವು. ನಾಲ್ಕು ತಪ್ಪಿಸಿಕೊಂಡಿತ್ತು, ಏಕೆಂದರೆ V ತಿರುಗಿದರೆ ತಾನು ಮಗುಚಿದ್ದೇನೆ ಎಂದು ಹೇಳುತ್ತದೆ. X ಹೇಳುವುದಿಲ್ಲ.

"ಅಕ್ಕೋರ, ಕಟ್ಟಿಗಿಗೆ ತಲಿ ಯಾವ್ದು ಕಾಲ ಯಾವ್ದು ಗೊತ್ತಿರಂಗಿಲ್ರಿ. ಹೆಂಗ ಹಿಡದ್ರೂ ಅಷ್ಟ ಲೆಕ್ಕ ಬರಬೇಕು. ನಮ್ಮಪ್ಪ ಅದಕ್ಕ ಬರೇ ಕೂಡ್ಸೂದು ಕಲಿಸ್ಯಾನ್ರಿ, ಕಳಿಯೂದು ಕಲಿಸಿಲ್ಲ."

ಇಪ್ಪತ್ತೆರಡು ವರ್ಷದಲ್ಲಿ ನಾನು ಇಷ್ಟು ಚೊಕ್ಕ ಪಾಠ ಮಾಡಿಲ್ಲ. ಅವರ ಲೆಕ್ಕದಲ್ಲಿ ಎಡವೂ ಇಲ್ಲ ಬಲವೂ ಇಲ್ಲ. ಗೀಟು ಎಣಿಸಿದರೆ ಮುಗಿಯಿತು. ಅವರು ಉಳಿಯನ್ನು ನನ್ನ ಕೈಗೇ ಕೊಟ್ಟರು. ಬೆವರುತ್ತ ನನ್ನ IX ಕೆರೆದು, V ಮತ್ತು ನಾಲ್ಕು ಗೀಟು ಹೊಡೆದೆ. ಕೊನೆಯದು ಸ್ವಲ್ಪ ಸೊಟ್ಟಾಯಿತು. ದಾವಲಸಾಬರು ಹಾಗೆ ಹಿಡಿದು ಎಣಿಸಿದರು, ತಿರುಗಿಸಿ ಹಿಡಿದು ಎಣಿಸಿದರು. ಆಮೇಲೆ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಅದರ ಪಕ್ಕ ಒಂದು ರೈಟ್ ಮಾರ್ಕು ಹಾಕಿ, "ಈಗ ಬರೋಬರಿ ಆತ್ ನೋಡ್ರಿ" ಎಂದರು.

ಕಪಾಟು ನೆಟ್ಟಗೆ ನಿಂತಿದೆ, ಮೊಳೆಯಿಲ್ಲದೆ. ಬಂದವರಿಗೆ ಅತ್ತೆ, ನಮ್ಮ ಸೊಸಿ ನಿಲ್ಲಿಸಿದ್ದು ಎನ್ನುತ್ತಾರೆ. ದಾವಲಸಾಬರ ಹೆಸರನ್ನು ನಾನೇ ಸೇರಿಸಬೇಕಾಗುತ್ತದೆ. ಮಕ್ಕಳ ಸಾವಿರಾರು ನೋಟ್‌ಬುಕ್ಕುಗಳಿಗೆ ರೈಟ್ ಹಾಕಿದ ನನಗೆ, ನೌಕರಿಗೆ ಸೇರಿದ ಮೇಲೆ ಸಿಕ್ಕ ರೈಟ್ ಅದೊಂದೇ. ಆದ್ದರಿಂದ ಸೀರೆಗಳನ್ನು ಸರಿಸಿ ಎಲ್ಲರಿಗೂ ಅದನ್ನು ತೋರಿಸುತ್ತೇನೆ. ಮೊನ್ನೆ ನಮ್ಮ ಶಾಲೆಯ ಹೊಸ ವಿಜ್ಞಾನ ಟೀಚರು ಬಂದಿದ್ದಳು. ಬಗ್ಗಿ ನೋಡಿ, ಕನ್ನಡಕ ಸರಿಮಾಡಿಕೊಂಡು, ಒಂಬತ್ತನ್ನು ಹೀಗೆ ಬರೆಯುವುದು ತಪ್ಪು, IX ಆಗಬೇಕಿತ್ತು ಎಂದಳು. ನಾನು ವಾದಕ್ಕೆ ಇಳಿಯಲಿಲ್ಲ. ಚಹಾ ಮಾಡಲು ಎದ್ದಾಗ ಆಕೆಯನ್ನೂ ಕೈಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದೆ. ಇಂಥವರನ್ನು ಆ ಕಪಾಟಿನ ಹತ್ತಿರ ಒಬ್ಬರನ್ನೇ ಬಿಟ್ಟು ಹೋಗಬಾರದು. ನನಗೆ ಚೆನ್ನಾಗಿ ಗೊತ್ತು.