ರಾಷ್ಟ್ರೀಯ ತಂಡ, ಸೆಕೆಂಡ್ ಕ್ವಾಲಿಟಿ

ಬದುಕಿಡೀ ಮಕ್ಕಳಿಗೆ ಕಬಡ್ಡಿ ಕಲಿಸಿದವನನ್ನು ಹಿಡಿದು ಫುಟ್‌ಬಾಲಿನವರ ಜೊತೆ ಬಿಟ್ಟರೆ ಇಂಥದೆಲ್ಲ ಆಗದೆ ಇನ್ನೇನಾಗುತ್ತದೆ? ನಾನು ಕಾಪುವಿನ ಶಾಲೆಯೊಂದರಿಂದ ನಿವೃತ್ತನಾದ ಪಿ.ಟಿ. ಮಾಸ್ಟ್ರು. ಹೋದ ವರ್ಷ ಒಂದು ಸಣ್ಣ ದೇಶದ ರಾಷ್ಟ್ರೀಯ ತಂಡ ತರಬೇತಿಗೆಂದು ಮಣಿಪಾಲಕ್ಕೆ ಬಂತು. ದೇಶದ ಹೆಸರು ಬೇಡ, ಅವರಿಗೂ ಮರ್ಯಾದೆ ಇದೆ. ಬಂದದ್ದು ಅಸಲು ತಂಡವಲ್ಲ, ಮೀಸಲು ತಂಡ. ಅಸಲು ತಂಡದಲ್ಲಿ ಯಾರಿಗಾದರೂ ಪೆಟ್ಟಾದರೆ ಇರಲಿ ಎಂದು ಸಾಕಿಕೊಂಡ ಆಟಗಾರರು. ಅವರಿಗೆ ಊಟ, ಬಸ್ಸು, ಮೈದಾನ ಹೊಂದಿಸುವ ಕೆಲಸ ನನ್ನ ತಲೆಗೆ ಬಂತು.

ಒರಿಜಿನಲ್ಲಾ?

ತಂಡದ ಗೋಲ್‌ಕೀಪರಿಗೆ ಚಪ್ಪಲಿ ಬೇಕಾಗಿತ್ತು. ಕಾಪು ಪೇಟೆಯಲ್ಲಿ ನನಗೆ ಪರಿಚಯದ ಕಾಕನ ಅಂಗಡಿಗೆ ಕರೆದುಕೊಂಡು ಹೋದೆ. ಕಾಕ ಗಲ್ಫಿನಲ್ಲಿ ಬಹಳ ಕಾಲ ಇದ್ದು ಬಂದವರು. ಆರಡಿ ದಾಟಿದ ಹುಡುಗನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ ಕೇಳಿದರು:

“ಮಾಸ್ಟ್ರೇ, ಇದು ಒರಿಜಿನಲ್ಲಾ?”

“ಅಲ್ಲ ಕಾಕ, ಮೀಸಲು ತಂಡದವ.”

“ಅಡ್ಡಿಯಿಲ್ಲ. ಗಲ್ಫಿನಲ್ಲಿ ಎಲ್ಲದರಲ್ಲೂ ಎರಡು ಕ್ವಾಲಿಟಿ ಉಂಟು. ಬಾಳಿಕೆ ಬರುವುದು ಸೆಕೆಂಡೇ.”

ಹೀಗೆ ಹೇಳಿದವರು ಅವನ ಜೊತೆ ಫೋಟೋ ತೆಗೆಸಿಕೊಂಡು ಮನೆಯವರ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಕೆಳಗೆ ಏನು ಬರೆದಿದ್ದೀರಿ ಎಂದು ಇಣುಕಿ ನೋಡಿದೆ. “ಒರಿಜಿನಲ್” ಎಂದೇ ಬರೆದಿದ್ದರು.

ಬೆಳ್ಮಣ್ ಅಕ್ಕನ ಹರಕೆ

ಆ ಗೋಲ್‌ಕೀಪರನ ಕಥೆ ಕೇಳಿದರೆ ಪಾಪ ಅನಿಸುತ್ತಿತ್ತು. ವಯಸ್ಸು ಮೂವತ್ತರ ಹತ್ತಿರ. ಈ ಸಲವೂ ಅಸಲು ತಂಡಕ್ಕೆ ಕರೆ ಬರದಿದ್ದರೆ ಆಟ ಬಿಟ್ಟು ಮಾವನ ಟಯರ್ ಅಂಗಡಿಗೆ ಸೇರಿಕೊಳ್ಳಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಮಾವನಿಗಿಂತ ಟಯರೇ ಮೃದು ಎಂದು ಅವನೇ ನನಗೆ ಹೇಳಿದ್ದ.

ಒಂದು ಸಂಜೆ ಎಲ್ಲರೂ ಟಿವಿಯಲ್ಲಿ ತಮ್ಮ ಅಸಲು ತಂಡದ ಆಟ ನೋಡುತ್ತಿದ್ದರು. ಅಲ್ಲಿನ ಗೋಲ್‌ಕೀಪರ್ ಜಾರಿಬಿದ್ದು ಮಂಡಿ ಹಿಡಿದುಕೊಂಡ. ಎಲ್ಲರೂ ಅಯ್ಯೋ ಎಂದರು. ತಿರುಗಿ ನೋಡಿದರೆ ನಮ್ಮವನ ಕುರ್ಚಿ ಖಾಲಿ. ಕೋಣೆಗೆ ಹೋದೆ, ಬಟ್ಟೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದ. ಅಷ್ಟರಲ್ಲಿ ಅಲ್ಲಿನವನು ಎದ್ದು ನಿಂತ ಸುದ್ದಿ ಬಂತು. ಇವನು ಒಂದೊಂದೇ ಬಟ್ಟೆ ಹೊರಗೆ ತೆಗೆದ. ನನಗೂ ಬೇಜಾರಾಯಿತು.

ತಂಡಕ್ಕೆ ಅಡುಗೆ ಮಾಡುತ್ತಿದ್ದ ಬೆಳ್ಮಣ್ ಊರಿನ ಅಕ್ಕನಿಗೆ ಇದನ್ನು ಹೇಳಿದೆ. ಅವರು ಸೌಟು ಕೆಳಗಿಟ್ಟರು.

“ನೀವು ಹೂಂ ಅನ್ನಿ ಮಾಸ್ಟ್ರೇ, ನಮ್ಮ ದೈವಕ್ಕೆ ಒಂದು ಹರಕೆ ಹೇಳ್ತೇನೆ.”

“ಎಂತ ಅಕ್ಕ, ಇನ್ನೊಬ್ಬನ ಕಾಲು ಮುರಿಯಲಿ ಅಂತ ಹರಕೆಯಾ?”

“ಛೇ, ಮುರಿಯುವುದು ಬೇಡ. ಅವನಿಗೂ ಹೆಂಡತಿ ಮಕ್ಕಳು ಉಂಟಲ್ವಾ. ಸ್ವಲ್ಪ ಉಳುಕಿದರೆ ಸಾಕು.”

ಸಭಾ ಕಾರ್ಯಕ್ರಮ

ಕಡೆಗೆ ಅಸಲು ತಂಡದ ಆಯ್ಕೆಗಾರರೊಬ್ಬರು ಬರುತ್ತಾರೆಂದಾಯಿತು, ನಮ್ಮ ಗೋಲ್‌ಕೀಪರನ್ನು ನೋಡಲಿಕ್ಕೆ. ಹತ್ತಿರದ ಕಡಲ ಬದಿಯ ಊರು ಹೂಡೆಯ ಹುಡುಗರ ಜೊತೆ ಅವರದೇ ಮೈದಾನದಲ್ಲಿ ಒಂದು ಪಂದ್ಯ ಗೊತ್ತು ಮಾಡಿದೆ. ಆದರೆ ನಮ್ಮ ಕಡೆ ಸಭಾ ಕಾರ್ಯಕ್ರಮ ಮುಗಿಯದೆ ಚೆಂಡು ಉರುಳುವುದಿಲ್ಲ. ಪ್ರಾರ್ಥನೆ, ಸ್ವಾಗತ, ಪ್ರಸ್ತಾವನೆ, ದೀಪ, ಶಾಲು, ಪೇಟ, ಸ್ಮರಣಿಕೆ, ಇವುಗಳ ನಡುವೆ ಯುವಕ ಮಂಡಲದ ಅಧ್ಯಕ್ಷರ ಭಾಷಣ.

ಎರಡೂ ತಂಡಗಳನ್ನು ವೇದಿಕೆಯ ಎದುರು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದರು. ಅಧ್ಯಕ್ಷರು ದ್ವಾಪರ ಯುಗದ ಚೆಂಡಾಟದಿಂದ ಶುರು ಮಾಡಿದರು. ಹೂಡೆಯ ಹುಡುಗರು ಅನುಭವಸ್ಥರು, ಆಗಲೇ ತೆಂಗಿನ ಮರದ ನೆರಳು ಸೇರಿದ್ದರು. ವಿದೇಶದವರಲ್ಲಿ ಒಬ್ಬ ಶೂ ಲೇಸು ಕಟ್ಟಲು ಬಗ್ಗಿದವನು ಏಳಲೇ ಇಲ್ಲ. ಕ್ಯಾಪ್ಟನ್ ಕಾಲು ಹಿಡಿದುಕೊಂಡಿತು ಎಂದು ಕುಂಟುತ್ತಾ ಹೋದ. ಆಯ್ಕೆಗಾರರ ಕಣ್ಣೆದುರು ಕದಲಿದರೆ ಇದ್ದ ಅವಕಾಶವೂ ಹೋದೀತೆಂದು ಹೆದರಿದ ನಮ್ಮ ಗೋಲ್‌ಕೀಪರ್ ಮಾತ್ರ ಕೈ ಹಿಂದೆ ಕಟ್ಟಿ ನೆಟ್ಟಗೆ ನಿಂತೇ ಇದ್ದ. ಅಧ್ಯಕ್ಷರು ಕಲಿಯುಗಕ್ಕೆ ಬಂದು ಮುಟ್ಟುವಾಗ ಸೂರ್ಯ ಕಡಲಿಗೆ ಇಳಿಯುತ್ತಿದ್ದ.

ಉಳಿದ ಬೆಳಕಿನಲ್ಲಿ ಆಟ ಶುರುವಾಯಿತು ಎನ್ನುವಷ್ಟರಲ್ಲಿ ಮುಗಿಯಿತು. ನಮ್ಮವನ ಕಡೆಗೆ ಚೆಂಡು ಒಮ್ಮೆಯೂ ಬರಲಿಲ್ಲ. ನನ್ನ ಹತ್ತಿರ ಬಂದು ನಿಂತ, ಕಣ್ಣು ತುಂಬಿತ್ತು. “ಸರ್, ನಾನು ಚೆಂಡನ್ನು ಮುಟ್ಟಲೇ ಇಲ್ಲ” ಎಂದ. ನನಗೆ ಮೈಯೆಲ್ಲ ಉರಿದು ಹೋಯಿತು. ಸೀದಾ ಅಧ್ಯಕ್ಷರನ್ನು ಹಿಡಿದೆ.

“ಎಂತ ಮಾರಾಯ್ರೇ, ಒಬ್ಬನ ಬದುಕನ್ನೇ ಹಾಳು ಮಾಡಿದಿರಲ್ಲ?”

“ಅಷ್ಟು ದೂರದಿಂದ ಗೆಸ್ಟ್ ಬಂದಿದ್ದಾರೆ. ಸಭೆ ಮಾಡದೆ ಕಳಿಸ್ಲಿಕ್ಕೆ ಆಗ್ತದಾ ಮಾಸ್ಟ್ರೇ?”

ಆಯ್ಕೆಗಾರರು ತಲೆಯ ಮೇಲೆ ಪೇಟ, ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕಾರಿನಲ್ಲಿ ಕೂತಿದ್ದರು. ನಾನು ಕ್ಷಮೆ ಕೇಳಲು ಬಗ್ಗಿದೆ. ಅವರೇ ಮೊದಲು ಹೇಳಿದರು, “ಆ ಗೋಲ್‌ಕೀಪರಿಗೆ ಬ್ಯಾಗು ಕಟ್ಟಲು ಹೇಳಿ. ಅಸಲು ತಂಡಕ್ಕೆ ಮೂರನೇ ಗೋಲ್‌ಕೀಪರ್ ಅವನೇ.”

“ಆಟವನ್ನೇ ನೋಡಲಿಲ್ಲವಲ್ಲ ಸರ್?”

“ಆಟ ವಿಡಿಯೋದಲ್ಲಿ ನೋಡಿದ್ದೇನೆ. ಮೂರನೇ ಗೋಲ್‌ಕೀಪರಿಗೆ ಆಡುವ ಕೆಲಸವೇ ಇಲ್ಲ. ಟೂರ್ನಿ ಮುಗಿಯುವವರೆಗೆ ಮುಖ ಗಂಟು ಹಾಕದೆ ಬೆಂಚಿನ ಮೇಲೆ ಕೂತಿರಬೇಕು, ಅಂಥವರೇ ಸಿಗುವುದಿಲ್ಲ. ಆ ಭಾಷಣವನ್ನು ನಿಂತು ಕೇಳಿದವನಿಗೆ ನಮ್ಮ ಬೆಂಚು ಯಾವ ಲೆಕ್ಕ?”

ಸುದ್ದಿ ಹೇಳಿದ್ದೇ ತಡ, ಹುಡುಗ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ನನ್ನ ಸೊಂಟ ಇನ್ನೂ ಸರಿಯಾಗಿಲ್ಲ, ಆದರೂ ಅವತ್ತಿನಷ್ಟು ಸಂತೋಷ ನನ್ನ ಶಾಲೆ ಕಬಡ್ಡಿಯಲ್ಲಿ ಗೆದ್ದಾಗಲೂ ಆಗಿರಲಿಲ್ಲ.

ವಿಷಯ ಹೂಡೆಯಲ್ಲೆಲ್ಲ ಹಬ್ಬಿತು. ಅಧ್ಯಕ್ಷರ ಭಾಷಣ ಈಗ ದ್ವಾಪರಕ್ಕೂ ಹಿಂದೆ, ತ್ರೇತಾಯುಗದಿಂದಲೇ ಶುರುವಾಗುತ್ತದೆ. ಊರ ಹುಡುಗರೂ ನೆರಳಿಗೆ ಓಡುವುದನ್ನು ಬಿಟ್ಟಿದ್ದಾರೆ. ಕೈ ಹಿಂದೆ ಕಟ್ಟಿ, ಸಾಲಾಗಿ, ಬಿಸಿಲಲ್ಲೇ ನಿಂತು ಪೂರ್ತಿ ಕೇಳುತ್ತಾರೆ. ವೇದಿಕೆಯ ಮೇಲೆ ಯಾವ ದೇಶದ ಆಯ್ಕೆಗಾರರು ಕೂತಿದ್ದಾರೋ ಯಾರಿಗೆ ಗೊತ್ತು?