ಸೌದೆ ಮನೆಯ ಆನೆ

ಕೆಲವರಿಗೆ ಸಾರಿನಲ್ಲಿ ಉಪ್ಪು ಮುಂದಿರಬೇಕು, ಕೆಲವರಿಗೆ ಕಾಫಿಯಲ್ಲಿ ಸಕ್ಕರೆ. ನನಗೆ ಹಾಡಿನಲ್ಲಿ ‘ಧಮ್’ ಅನ್ನುವ ಸದ್ದು ಮುಂದಿರಬೇಕು. ಇದು ಅಭಿರುಚಿಯಲ್ಲ, ಕಿವಿಯ ಕಾಯಿಲೆ ಎಂದು ನನ್ನ ಹೆಂಡತಿ ಮಂಜುಳಾ ಎಂದೋ ತೀರ್ಮಾನಿಸಿದ್ದಾಳೆ. ಅವಳು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ನನ್ನ ಕಸುಬು ಸರಗೂರು ರಸ್ತೆಯಲ್ಲಿ ಹಿಟ್ಟಿನ ಗಿರಣಿ ನಡೆಸುವುದು. ದಿನವಿಡೀ ರಾಗಿ ಬೀಸುವ ಯಂತ್ರದ ಪಕ್ಕ ನಿಂತವನಿಗೆ ಸಂಜೆ ಕೊಳಲಿನ ನಾದ ಎಲ್ಲಿ ಕೇಳಿಸಬೇಕು? ಎದೆಗೆ ಬಂದು ಗುದ್ದಿದರೆ ಮಾತ್ರ ಹಾಡು ಶುರುವಾಯಿತೆಂದು ನನಗೆ ಗೊತ್ತಾಗುವುದು. ಹಾಗಾಗಿ ನಮ್ಮೂರಿನ ಮನೆಮನೆಗೂ ಸಿ.ಡಿ. ಪ್ಲೇಯರ್ ಬರುತ್ತಿದ್ದ ಕಾಲದಲ್ಲಿ ನಾನು ಎಲ್ಲರನ್ನೂ ಮೀರಿಸಿ ಮೈಸೂರಿನಿಂದ ಹೋಮ್ ಥಿಯೇಟರನ್ನೇ ಹೊತ್ತು ತಂದೆ. ಅದರಲ್ಲಿ ಚಿಲ್ಲರೆ ಸ್ಪೀಕರುಗಳ ಜೊತೆಗೆ ಸಬ್‌ವೂಫರ್ ಎಂಬ ದೊಡ್ಡ ಡಬ್ಬವಿತ್ತು. ಧಮ್ ಅನ್ನುವ ಕೆಲಸವೆಲ್ಲ ಅದರದೇ.

ಟಿ.ವಿ. ಪಕ್ಕದಲ್ಲಿ ರಾಗಿ ಮೂಟೆಗಳಿದ್ದುದರಿಂದ ಡಬ್ಬ ಎದುರು ಮೂಲೆಗೆ ಹೋಯಿತು, ಅದರ ವೈರು ನಡುಮನೆಯನ್ನು ಅಡ್ಡ ದಾಟಿತು. ಮಂಜುಳಾ ಕಸ ಗುಡಿಸಿದಾಗೆಲ್ಲ ಪೊರಕೆಗೆ ಸಿಕ್ಕಿ ಕಿತ್ತು ಬರುತ್ತಿತ್ತು. ಅದನ್ನಾದರೂ ಸಹಿಸಿಕೊಂಡಾಳು, ಆದರೆ ಒಂದು ದಿನ ಪಿರಿಯಾಪಟ್ಟಣದಿಂದ ಬಂದ ಅವಳ ತಮ್ಮ ನಾಗೇಶ, ಕಾಫಿ ಲೋಟ ಹಿಡಿದು ನಡೆಯುತ್ತಿದ್ದವನು, ವೈರಿಗೆ ಕಾಲು ತೊಡರಿ ಮೂಟೆಗಳ ಮೇಲೆ ಬಿದ್ದ. ಎದ್ದವನು ಮಂಡಿ ನೋಡಿಕೊಳ್ಳಲಿಲ್ಲ, ಡಬ್ಬವನ್ನು ನೋಡಿದ. “ಬಾವ, ಇದು ಇಲ್ಲಿದ್ರೆ ಯಾರ್ಗಾರ ಏಟಾಯ್ತದೆ. ನಮ್ಮಟ್ಟೀಲಿ ಜಾಗ ಬೇಕಾದಂಗದೆ” ಅಂದ. ಮಂಜುಳಾ ಅಲ್ಲೇ ಗಡುವು ಕೊಟ್ಟಳು: ಮಾರಿಹಬ್ಬದ ಹೊತ್ತಿಗೆ ವೈರು ಮಾಯವಾಗಬೇಕು, ಇಲ್ಲದಿದ್ದರೆ ಹಬ್ಬ ಮುಗಿಸಿ ಹೋಗುವ ತಮ್ಮನ ಜೊತೆ ಡಬ್ಬವೂ ಬಸ್ಸು ಹತ್ತಬೇಕು. ನನ್ನ ಧಮ್ಮು ಪಿರಿಯಾಪಟ್ಟಣದಲ್ಲಿ ಬೇರೆಯವರ ಎದೆಗೆ ಗುದ್ದುವುದನ್ನು ನೆನೆಸಿಕೊಳ್ಳಲೂ ಆಗಲಿಲ್ಲ.

ಮತ್ತೆ ಮೈಸೂರಿಗೆ ಓಡಿದೆ. ಅಂಗಡಿಯವನು ವೈರ್‌ಲೆಸ್ ಸೆಟ್ ಎಂದು ಎರಡು ಪುಟ್ಟ ಪೆಟ್ಟಿಗೆ ಕೊಟ್ಟ. ಪ್ಲೇಯರಿನ ಹತ್ತಿರ ಇಡುವುದು ಹಾಡನ್ನು ಗಾಳಿಗೆ ಬಿಡುತ್ತದೆ, ಡಬ್ಬಕ್ಕೆ ಸಿಕ್ಕಿಸುವುದು ಅದನ್ನು ಹಿಡಿಯುತ್ತದೆ. ವೈರಿನ ಸುದ್ದಿಯೇ ಇಲ್ಲ ಎಂದು ಅವನು ಹೇಳಿದ್ದ. ಮನೆಗೆ ಬಂದು ನೋಡಿದರೆ ಬಿಡುವುದಕ್ಕೊಂದು ಪ್ಲಗ್ಗು, ಹಿಡಿಯುವುದಕ್ಕೊಂದು ಪ್ಲಗ್ಗು, ಡಬ್ಬಕ್ಕೆ ಮತ್ತೊಂದು. ನಮ್ಮ ಮನೆಯಲ್ಲಿ ಡಬ್ಬಕ್ಕಾಗುವಷ್ಟು ಪ್ಲಗ್ ಪಾಯಿಂಟು ಖಾಲಿ ಇದ್ದದ್ದು ಅಡುಗೆಮನೆಯಲ್ಲಿ, ಅದು ಬಿಟ್ಟರೆ ಹಿತ್ತಿಲ ಸೌದೆ ಮನೆಯಲ್ಲಿ. ಅಡುಗೆಮನೆಯಲ್ಲಿ ಅರ್ಧ ಹಾಡಿಗೇ ಸ್ಟ್ಯಾಂಡಿನ ತಟ್ಟೆಗಳೆಲ್ಲ ಕುಣಿದದ್ದರಿಂದ, ಡಬ್ಬ ಸೌದೆ, ತೆಂಗಿನ ಮಟ್ಟೆಗಳ ನಡುವೆ ಹೋಗಿ ಕೂತಿತು. ಇನ್ನು ಎರಡೂ ಪೆಟ್ಟಿಗೆಗಳಿಗೆ ಪರಸ್ಪರ ಪರಿಚಯವಾಗಲು ಇಬ್ಬರು ಒಟ್ಟಿಗೆ ಗುಂಡಿ ಒತ್ತಬೇಕಂತೆ. ನಾನು ಸೌದೆ ಮನೆಯಿಂದ ಒತ್ತು ಎಂದು ಕೂಗುವುದು, ಮಂಜುಳಾ ನಡುಮನೆಯಿಂದ ಯಾವುದನ್ನು ಎಂದು ಕೇಳುವುದು, ಹೀಗೇ ಮಧ್ಯಾಹ್ನ ಕಳೆಯಿತು. ನಾನು ಅವಳನ್ನು ಹೆಣ್ಣು ನೋಡಲು ಹೋದಾಗಲೂ ಪರಿಚಯಕ್ಕೆ ಇಷ್ಟು ಹೊತ್ತು ಹಿಡಿದಿರಲಿಲ್ಲ. ಕೊನೆಗೂ ಹಸಿರು ದೀಪ ಹತ್ತಿ, ಗೋಡೆಯಾಚೆಯಿಂದ ಧಮ್ಮು ಮೆಲ್ಲಗೆ ನನ್ನ ಎದೆಗೆ ಬಂತು. ಆ ಸಂಜೆ ನನ್ನಷ್ಟು ಸುಖಿ ತಾಲ್ಲೂಕಿನಲ್ಲೇ ಇರಲಿಲ್ಲ.

ಮಾರಿಹಬ್ಬಕ್ಕೆ ನಾಗೇಶ ಬಂದ. ಅವನಿಗೆ ಡಬ್ಬದ ಪ್ರತಾಪ ತೋರಿಸೋಣವೆಂದರೆ ಮಧ್ಯಾಹ್ನದಿಂದಲೇ ಕರೆಂಟಿಲ್ಲ. ಈ ನಡುವೆ ಮಂಜುಳಾ ಹಾಡು ಬಿಡುವ ಪೆಟ್ಟಿಗೆಯ ಪ್ಲಗ್ಗು ಕಿತ್ತು ತಮ್ಮನ ಮೊಬೈಲ್ ಚಾರ್ಜರನ್ನು ಚುಚ್ಚಿದ್ದಳು. ದೀಪ ಹಚ್ಚುವ ಹೊತ್ತಿಗೆ ಕರೆಂಟು ಬಂತು. ಸೌದೆ ಮನೆಯಲ್ಲಿ ಹಿಡಿಯುವ ಪೆಟ್ಟಿಗೆಗೆ ಹಿಡಿಯಲು ಹಾಡು ಸಿಗದೆ, ಡಬ್ಬ ತನ್ನಷ್ಟಕ್ಕೆ ಗುರ್ರ್ ಎಂದು ಮೊರೆಯತೊಡಗಿತು. ಇದೆಲ್ಲ ತಿಳಿದದ್ದು ಆಮೇಲೆ. ಜಗಲಿಯಲ್ಲಿದ್ದ ನಮಗೆ ಕೇಳಿದ್ದು ಪಕ್ಕದ ಮನೆಯ ಕೆಂಪಣ್ಣನ ಕೂಗು: “ಅಲಸಿನ ಮರದ್ ತಾವ ಆನೆ ಬಂದದೆ ಕಣ್ರಲಾ!” ಅವನ ಹಲಸಿನ ಮರ ನಮ್ಮ ಸೌದೆ ಮನೆಯ ಮೇಲೇ ಬಾಗಿದೆ, ಹಣ್ಣಿನ ಕಾಲ ಬೇರೆ. ಕಾಕನಕೋಟೆ ಕಾಡಿನ ಮಗ್ಗುಲಲ್ಲಿ ಬದುಕುವ ನಮಗೆ ಕತ್ತಲಲ್ಲಿ ಅಂಥ ಸದ್ದು ಕೇಳಿದರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಊರಿಗೆ ಊರೇ ಸೇರಿತು. ತಟ್ಟೆ ಬಡಿದರು, ಪಟಾಕಿ ಹೊಡೆದರು. ನಾನೂ ನಾಗೇಶನೂ ತಾರಸಿ ಹತ್ತಿದ್ದೆವು, ಅವನು ನನಗಿಂತ ಮುಂದೆ. ಅಲ್ಲಿಂದ ನಾನು, ಇದು ಒಂಟಿ ಸಲಗ, ಮದವೇರಿದೆ, ಯಾರೂ ಹತ್ತಿರ ಹೋಗಬೇಡಿ ಎಂದು ಅನುಭವಸ್ಥನ ದನಿಯಲ್ಲಿ ಅಪ್ಪಣೆ ಕೊಡುತ್ತಿದ್ದೆ. ಏನು ಮಾಡಿದರೂ ಸಲಗ ಜಗ್ಗಲಿಲ್ಲ. ಅಷ್ಟರಲ್ಲಿ ಮತ್ತೆ ಕರೆಂಟು ಹೋಯಿತು, ಗುರ್ರ್ ಎನ್ನುವುದೂ ತಟ್ಟನೆ ನಿಂತಿತು. ಆ ಮೌನದಲ್ಲಿ ಅಂಗಳದಲ್ಲಿದ್ದ ಮಂಜುಳಾ ತಲೆಯೆತ್ತಿ ಕೇಳಿದಳು.

“ಕರೆಂಟ್ ಹೋದ್ರೆ ಸುಮ್ಕಾಗೋ ಆನೆ ಯಾವ್ದು ಕಣ್ರೀ?”

ಜನರ ಕೈಯಲ್ಲಿದ್ದ ಬ್ಯಾಟರಿ ದೀಪಗಳೆಲ್ಲ ಒಟ್ಟಿಗೆ ತಾರಸಿಯ ಕಡೆ ತಿರುಗಿದವು. ನಾಗೇಶ ನನ್ನಿಂದ ಸ್ವಲ್ಪ ದೂರ ಸರಿದು ನಿಂತ.

ಇಳಿದು ಬಂದಾಗ ಯಾರಿಗೂ ತೋರಿಸಲು ನನಗೆ ಮುಖವಿರಲಿಲ್ಲ. ಡಬ್ಬ ಹೋದಂತೆಯೇ ಎಂದುಕೊಂಡೆ. ನಾಗೇಶ ಮೆಲ್ಲಗೆ “ನಂಗ್ ಬ್ಯಾಡ ಬುಡಿ ಬಾವ” ಅಂದ. ಹಾಗಾದರೆ ಗುಜರಿಗೆ ಎಂದು ಮಂಜುಳಾ ಹೇಳುವಷ್ಟರಲ್ಲಿ, ಸೌದೆ ಮನೆ ಹೊಕ್ಕು ಡಬ್ಬವನ್ನು ಸುತ್ತಲೂ ನೋಡುತ್ತಿದ್ದ ಕೆಂಪಣ್ಣ ಹೊರಗೆ ಬಂದ. “ಪುಟ್ಸಾಮಿ, ಇದನ್ನ ಎಲ್ಲೂ ಕಳಿಸ್ಬ್ಯಾಡ ಕಣಪ್ಪ. ನಾವೇ ಎದರ್ಕಂಡೊ. ಆನೆ ಕೇಳುದ್ರೆ, ಇಲ್ಲಿ ಇನ್ನೊಂದ್ ಅದೆ ಅಂತ ಈ ಕಡೆ ತಲೆ ಆಕಾಕಿಲ್ಲ.”

ಡಬ್ಬ ಉಳಿಯಿತು. ಆದರೆ ಅದು ಮೊರೆಯಬೇಕಾದರೆ ಹಾಡು ಅದನ್ನು ಮುಟ್ಟಬಾರದು. ಅಷ್ಟು ಕೂಗಾಡಿ ಕೂಡಿಸಿದ್ದ ಪೆಟ್ಟಿಗೆಗಳನ್ನು ದಿನಾ ಸಂಜೆ, ಹಾಡು ಬಿಡುವುದರ ಪ್ಲಗ್ಗು ಕಿತ್ತು, ನನ್ನ ಕೈಯಾರೆ ಅಗಲಿಸತೊಡಗಿದೆ. ಆನೆ ಬರಲಿಲ್ಲ. ಡಬ್ಬಕ್ಕೆ ಹೆದರಿತೋ, ಬರುವ ಯೋಚನೆಯೇ ಅದಕ್ಕಿರಲಿಲ್ಲವೋ, ಕೇಳುವವರು ಯಾರು? ಕೆಂಪಣ್ಣ ಮೊದಲ ಹಣ್ಣನ್ನು ನಮಗೇ ಕೊಟ್ಟ. ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸುತ್ತಿದ್ದ ಮಂಜುಳಾ, ಡಬ್ಬ ಪರವಾಗಿಲ್ಲ, ದುಡಿಯುತ್ತದೆ ಎಂದು ಮೊದಲ ಬಾರಿಗೆ ಹೊಗಳಿದಳು.

ಮೊನ್ನೆ ತಡೆಯಲಾಗದೆ ಕದ್ದು ಪ್ಲಗ್ಗು ಹಾಕಿ, ನನ್ನ ಮೆಚ್ಚಿನ ಹಾಡು ಹಚ್ಚಿದೆ. ಮೊದಲ ಧಮ್ಮು ಇನ್ನೇನು ಎದೆಗೆ ತಲುಪಬೇಕು, ಬೇಲಿಯಾಚೆಯಿಂದ ಕೆಂಪಣ್ಣನ ದನಿ ಬಂತು. “ಮಾವುತಪ್ಪ, ನಿನ್ ಆನೆ ಯಾಕೋ ಕುಣೀತಾ ಅದೆ. ಮರದಲ್ಲಿನ್ನೂ ಅಣ್ಣವೆ, ವಸಿ ನೋಡು.”

ಎದ್ದು ಹೋಗಿ ಪ್ಲಗ್ಗು ಕಿತ್ತೆ. ಬಂದು, ಕೊಳಲಾದರೂ ಕೇಳೀತೇನೋ ಎಂದು ಚಿಲ್ಲರೆ ಸ್ಪೀಕರಿಗೆ ಕಿವಿ ಹಚ್ಚಿ ಕೂತೆ.