ಗಿರಣಿ ಅತ್ತೆಯ ಹಸಿರು ಚಿಕಿತ್ಸೆ

ಕೆಲವರಿಗೆ ಶೇಂಗಾ ಆಗಿಬರುವುದಿಲ್ಲ, ಕೆಲವರಿಗೆ ಧೂಳು ಆಗಿಬರುವುದಿಲ್ಲ. ನಮ್ಮ ಸೋದರತ್ತೆಗೆ ಶಾಂತಿ ಆಗಿಬರುವುದಿಲ್ಲ! ಸುತ್ತಲೂ ಐದು ನಿಮಿಷ ಸದ್ದಿಲ್ಲದೆ ಹೋದರೆ ಅವಳ ಮುಖ ಕೆಂಪಾಗುತ್ತದೆ, ಅಂಗೈ ಬೆವರುತ್ತದೆ, ಬಿಪಿ ಏರುತ್ತದೆ. ಮೈಮೇಲೆ ಗಂಧೆ ಏಳುವುದೊಂದು ಬಾಕಿ. ಸುಳ್ಳಲ್ಲ, ಯಂತ್ರ ಕಟ್ಟಿ ಅಳೆದು ನೋಡಿದವನು ನಾನೇ.

ಹುಮನಾಬಾದಿನಲ್ಲಿ ಅವಳದೊಂದು ಹಿಟ್ಟಿನ ಗಿರಣಿ. ವರ್ಷಗಟ್ಟಲೆ ಅತ್ತೆ, ಮಾವ ಇಬ್ಬರೂ ಸೇರಿ ನಡೆಸಿದರು. ಎಂಟು ವರ್ಷದ ಹಿಂದೆ ಮಾವ ಎದೆನೋವಿನಿಂದ ತೀರಿಕೊಂಡ ಮೇಲೆ ಅವಳೊಬ್ಬಳೇ ನಡೆಸಿದಳು. ಕಣ್ಣಿಗೆ ಪೊರೆ ಬಂದ ಮೇಲೆ ಗಿರಣಿಯನ್ನು ಒಬ್ಬಾತನಿಗೆ ವಹಿಸಿ, ತಾನು ಅದರ ಹಿಂದಿನ ಕೋಣೆಯಲ್ಲಿ ಉಳಿದುಕೊಂಡಿದ್ದಾಳೆ. ಬೆಳಗ್ಗೆಯಿಂದ ಸಂಜೆಯವರೆಗೆ ಅಲ್ಲಿ ನೆಲ, ಗೋಡೆ, ಗೋಡೆಯ ಮೇಲಿನ ದೇವರ ಫೋಟೊ ಎಲ್ಲವೂ ಗಡಗಡ ನಡುಗುತ್ತಿರುತ್ತವೆ. ಆ ನಡುಕದಲ್ಲಿ ಅತ್ತೆ ಮಧ್ಯಾಹ್ನ ಗಾಢ ನಿದ್ದೆ ಮಾಡುತ್ತಾಳೆ! ಕರೆಂಟು ಹೋಗಿ ಗಿರಣಿ ನಿಂತರೆ ಮಾತ್ರ ತಟ್ಟನೆ ಎದ್ದು ಕೂತು ಕೂಗುತ್ತಾಳೆ.

"ಇದ್ದೀ ಏನೋ?"

"ಇದ್ದೀನ್ರಿ ಅಕ್ಕಾ! ಕರೆಂಟ್ ಹೋಗ್ಯದ್ರಿ!" ಎಂದು ಗಿರಣಿಯಾತ ಮುಂದಿನಿಂದ ಕೂಗುತ್ತಾನೆ. ಅವಳು ಮತ್ತೆ ಮಲಗುತ್ತಾಳೆ, ಆದರೆ ನಿದ್ದೆ ಬರುವುದು ಕರೆಂಟು ಬಂದ ಮೇಲೆಯೇ.

ಗಿರಣಿಯ ಸದ್ದಿನ ಮೇಲೆ ಸವಾರಿ ಮಾಡಿ ಬೆಳೆದ ಗಂಟಲು ಅದು. ಅವಳು ಗುಟ್ಟು ಹೇಳಿದರೆ ಬಸ್‌ಸ್ಟ್ಯಾಂಡಿಗೆ ಕೇಳುತ್ತದೆ. ನನಗೆ ಹೆಣ್ಣು ನೋಡಲು ಹೋದಾಗ ನನ್ನ ಕಿವಿಯ ಹತ್ತಿರ ಬಾಗಿ, "ಹುಡುಗಿ ಛಲೋ ಅದಾಳ, ಮೂಗೊಂದು ಜರಾ ಸಣ್ಣದು" ಎಂದಳು. ಒಳಮನೆಯಲ್ಲಿದ್ದ ಹುಡುಗಿ ಚಹಾದ ತಟ್ಟೆಯನ್ನು ಅಲ್ಲೇ ಇಟ್ಟು ಕನ್ನಡಿ ಹುಡುಕಿಕೊಂಡು ಹೋದಳಂತೆ! ಮದುವೆಯಾಗಿ ಹದಿನೈದು ವರ್ಷವಾದರೂ ಆ ಮೂಗಿನ ಪ್ರಕರಣ ನಮ್ಮ ಮನೆಯಲ್ಲಿ ಮುಗಿದಿಲ್ಲ.

ಇಂಥ ಅತ್ತೆಯ ಕಣ್ಣಿನ ಆಪರೇಷನ್ ಎರಡು ಸಲ ಮುಂದಕ್ಕೆ ಹೋಯಿತು. ಡಾಕ್ಟರು ಇರುವುದು ಬಸವಕಲ್ಯಾಣದಲ್ಲಿ. ಅಲ್ಲಿ ಮೇಷ್ಟ್ರಾಗಿರುವ ನನಗೇ ಅವಳನ್ನು ಕರೆತರುವ ಕೆಲಸ. ಎರಡು ಸಲವೂ ಕೊನೆಯ ಗಳಿಗೆಯಲ್ಲಿ ಬಿಪಿ ನೂರಾ ಎಂಬತ್ತು ದಾಟಿ ವಾಪಸ್ ಕಳಿಸಿದರು. ಒಂದು ಕಣ್ಣು ಪೂರ್ತಿ ಮಂಜು, ಇನ್ನೊಂದು ಅರ್ಧ. ನನ್ನನ್ನು ಶರ್ಟಿನ ಬಣ್ಣದ ಮೇಲೆ ಗುರುತಿಸುತ್ತಿದ್ದಳು. ಹೊಸ ಶರ್ಟು ಹಾಕಿಕೊಂಡು ಹೋದ ದಿನ, "ಯಾರ್ರಿ ನೀವು? ಎಷ್ಟು ಕಿಲೋ ತಂದೀರಿ?" ಎಂದು ಕೇಳಿದಳು! ಆಗ ನಗು ಬಂತು. ಬಸವಕಲ್ಯಾಣಕ್ಕೆ ಮರಳುವಾಗ ದಾರಿಯುದ್ದಕ್ಕೂ ಬೇಸರವಾಯಿತು.

"ಅಮ್ಮಾ, ಗುಳಿಗಿ ಬರೋಬ್ಬರಿ ತಗೊಳ್ಳಾಕತ್ತೀರಿ, ಆದ್ರೂ ಇಳೀವಲ್ದು" ಎಂದರು ಡಾಕ್ಟರು. "ಪೊರೆ ಗಟ್ಟಿ ಆಗಾಕತ್ತದ, ಭಾಳ ತಡ ಮಾಡೂ ಹಂಗಿಲ್ಲ. ಆ ಗಿರಣಿ ಗದ್ದಲ ಬಿಟ್ಟು ವಾರಕ್ಕೊಮ್ಮೆ ಯಾವುದರ ಹೊಲದಾಗ, ಗಿಡದ ಬುಡಕ್ಕ ಎರಡು ತಾಸು ಶಾಂತ ಕೂಡ್ರಿ. ಹಸಿರು ನೋಡ್ರಿ."

"ಹಸಿರು ಕಾಣೂದಿಲ್ಲಂತನೇ ನಿಮ್ಮ ಹತ್ರ ಬಂದೀನಲ್ರಿ ಡಾಕ್ಟರ್!"

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಸಂಕ್ರಾಂತಿ ಕಳೆದ ಮೇಲೆ ಕೊನೆಯದಾಗಿ ನೋಡೋಣ, ನೂರಾ ನಲವತ್ತರೊಳಗೆ ಬಂದರೆ ಆಪರೇಷನ್ ಎಂದು ಚೀಟಿ ಬರೆದುಕೊಟ್ಟರು.

ಹೊಲ ಸಿಗುವುದು ಕಷ್ಟವಾಗಲಿಲ್ಲ. ದುಬಲಗುಂಡಿಯ ರೈತರೊಬ್ಬರು ಅತ್ತೆಯ ಹಳೆಯ ಗಿರಾಕಿ. ಅವರ ಹೊಲದ ಬದುವಿನಲ್ಲಿ ದೊಡ್ಡದೊಂದು ಬೇವಿನ ಮರ, ಒಂದು ಕಡೆ ತೊಗರಿ, ಇನ್ನೊಂದು ಕಡೆ ಜೋಳ. ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಂತೆಯೇ ಇತ್ತು. ಮೊದಲ ಭಾನುವಾರ ಬೈಕು ತೆಗೆದುಕೊಂಡು ಅತ್ತೆಯ ಮನೆ ಮುಂದೆ ನಿಂತರೆ, ಅವಳು ಒಂದು ದೊಡ್ಡ ಬುತ್ತಿ ಗಂಟಿನ ಸಮೇತ ಹೊರಬಂದಳು. ಇಪ್ಪತ್ತು ಸಜ್ಜೆ ರೊಟ್ಟಿ, ಡಬ್ಬಿ ತುಂಬ ಕಾಳು, ಸೊಪ್ಪು ಹಾಕಿ ಬೇಯಿಸಿದ ಭಜ್ಜಿ, ಕ್ಯಾನಿನಲ್ಲಿ ಅಂಬಲಿ!

"ಅತ್ತಿ, ನಾವು ಸುಮ್ಮ ಕೂಡಾಕ ಹೊಂಟೀವಿ."

"ಹೊಲಕ್ಕ ಖಾಲಿ ಕೈಲೆ ಹ್ಯಾಂಗ ಹೋಗೂದೋ? ಭೂಮ್ತಾಯಿ ಏನಂತಾಳ?"

ತಪ್ಪು ಅವಳದಲ್ಲ. ನಮ್ಮ ಕಡೆ ಮರದ ಬುಡಕ್ಕೆ ಸುಮ್ಮನೆ ಕೂಡಲು ಯಾರು ಹೊಲಕ್ಕೆ ಹೋಗುತ್ತಾರೆ? ಹೋದರೆ ದುಡಿಯಲು ಹೋಗಬೇಕು, ಇಲ್ಲವೇ ಎಳ್ಳಮಾವಾಸ್ಯೆಯ ದಿನ ಉಣ್ಣಲು ಹೋಗಬೇಕು. ಆ ದಿನ ದಾರಿಯಲ್ಲಿ ಹೋಗುವ ಯಾರನ್ನೇ ಆಗಲಿ ಕರೆದು ಉಣಿಸದೆ ಬಿಡುವಂತಿಲ್ಲ. ಎಳ್ಳಮಾವಾಸ್ಯೆ ಇನ್ನೂ ಒಂದು ತಿಂಗಳಿತ್ತು ಎಂಬುದೊಂದೇ ತೊಡಕು. ಅತ್ತೆ ಮರದ ಕೆಳಗೆ ಗಂಟು ಬಿಚ್ಚಿದವಳೇ, "ಬರ್ರಿ! ಉಂಡು ಹೋಗ್ರಿ!" ಎಂದು ದನಿ ಎತ್ತಿದಳು. ಮೂರು ಹೊಲದಾಚೆಯ ಜನ ಬಂದರು. ಚಿಟಗುಪ್ಪಕ್ಕೆ ಹೊರಟಿದ್ದ ಟೆಂಪೊ ನಿಂತಿತು. "ಈ ಸಲ ಅಮಾಸಿ ಮುಂಚೇನೇ ಬಂತೇನ್ರಿ?" ಎಂದು ಗಾಬರಿಯಾದವರೊಬ್ಬರು, ಮನೆಯಲ್ಲಿ ಯಾರೂ ನೆನಪು ಮಾಡಲಿಲ್ಲವೆಂದು ಹೆಂಡತಿಗೆ ಅಲ್ಲಿಂದಲೇ ಫೋನು ಹಚ್ಚಿ ಬೈದರು! ಶಾಂತವಾಗಿ ಕೂಡಲು ಹೋದ ನಾನು ಹನ್ನೊಂದು ಜನಕ್ಕೆ ಬಡಿಸಿದೆ. ಅತ್ತೆಯ ಬಿಪಿ ನೂರಾ ಎಪ್ಪತ್ತಾರು.

ಎರಡನೆಯ ಭಾನುವಾರ ನಾನು ಕಟ್ಟುನಿಟ್ಟು ಮಾಡಿದೆ. ಬುತ್ತಿಯಿಲ್ಲ, ಜನರಿಲ್ಲ, ಮಾತಿಲ್ಲ. ಅತ್ತೆ ಜೋಳದ ಕಡೆಗೆ ಮುಖ ಮಾಡಿ ಕೂತಳು. ನಾನಿದ್ದರೆ ಮಾತಾಡುತ್ತಾಳೆಂದು ಮರದ ಇನ್ನೊಂದು ಬದಿಗೆ ಹೋಗಿ ಕೂತೆ. ಎರಡು ನಿಮಿಷವಾಗಿರಲಿಲ್ಲ.

"ಇದ್ದೀ ಏನೋ?"

"ಇದ್ದೀನತ್ತಿ."

ಮತ್ತೆ ಎರಡು ನಿಮಿಷ. "ಇದ್ದೀ ಏನೋ?"

"ಎಲ್ಲಿ ಹೋಗಲಿ ಅತ್ತಿ? ಬೈಕಿನ ಕೀಲಿ ನಿನ್ನ ಹತ್ರನೇ ಅದ!"

ಜೀವನವಿಡೀ ಹಾಜರಿ ಕರೆದ ಮೇಷ್ಟ್ರು ನಾನು. ಅವತ್ತು ಹಾಜರಿ ಹೇಳುವ ಸರದಿ ಬಂದಿತ್ತು. ಲೆಕ್ಕ ಇಟ್ಟೆ, ನಲವತ್ತೊಂದು ಸಲ! ಗುಬ್ಬಿಗಳು ಕೂಡ ಬೇಸತ್ತು ಪಕ್ಕದ ಹೊಲಕ್ಕೆ ಹೋದವು. ಬಿಪಿ ನೂರಾ ಎಂಬತ್ತೆರಡು. ಹಸಿರಿನಿಂದ ಬಿಪಿ ಏರಿಸಿಕೊಂಡವರು ನಮ್ಮ ಜಿಲ್ಲೆಯಲ್ಲಿ ಇನ್ಯಾರಾದರೂ ಇದ್ದಾರೆಯೇ? ಇದ್ದರೆ ದಯವಿಟ್ಟು ತಿಳಿಸಿ.

ಮೂರನೆಯ ವಾರ ಅವಳು ತಾನೇ ಉಪಾಯ ಹುಡುಕಿಕೊಂಡು ಬಂದಿದ್ದಳು. ಗಿರಣಿಯಾತನಿಂದ ಗಿರಣಿಯ ಸದ್ದನ್ನು ಮೊಬೈಲಿಗೆ ತುಂಬಿಸಿಕೊಂಡಿದ್ದಳು! ಬೇವಿನ ಬೇರಿನ ಮೇಲೆ ಮೊಬೈಲಿಟ್ಟು ಒತ್ತಿದಳು. ಗರ್ರ್ ಎಂದು ಗಿರಣಿ ಶುರುವಾಯಿತು. ಹೊಲದ ರೈತರು ಓಡೋಡಿ ಬಂದರು.

"ಅಕ್ಕಾ, ತೊಗರಿ ಇನ್ನಾ ಹಸಿ ಅದ, ಕಾಳು ಒಕ್ಕೂ ರಾಶಿ ಮಿಷನ್ ಯಾರು ತರಿಸಿದ್ರಿ?"

"ಮಿಷನ್ ಅಲ್ಲರೀ, ಶಾಂತಿ!" ಎಂದಳು ಅತ್ತೆ.

ಯಂತ್ರ ಕಟ್ಟಿ ನೋಡಿದೆ, ನೂರಾ ಐವತ್ತು! ಡಾಕ್ಟರಿಗೆ ಏನು ಹೇಳುವುದೆಂದು ಯೋಚಿಸುತ್ತ ನಾನು ಮರದ ಆಚೆ ಒರಗಿದವನು ಅಲ್ಲೇ ನಿದ್ದೆ ಹೋದೆ. ಎಷ್ಟೋ ಹೊತ್ತಿನ ಮೇಲೆ ಯಾರೋ ಭುಜ ಹಿಡಿದು ಜಗ್ಗಿದಂತಾಗಿ ಕಣ್ಣು ಬಿಟ್ಟರೆ ಅತ್ತೆ. ಮಂಡಿಗೆ ಮಣ್ಣು, ಅಂಗೈಯಲ್ಲಿ ಮುಳ್ಳು. ಮೊಬೈಲಿನ ಚಾರ್ಜು ಮುಗಿದು ಸದ್ದು ನಿಂತಿತ್ತು. ಅವಳು ಕೂಗಿದ್ದಳು, ನಾನು ಓಗೊಟ್ಟಿರಲಿಲ್ಲ. ತಡವರಿಸುತ್ತ ಮರ ಸುತ್ತಿ ಬರುವಾಗ ಎಡವಿ ಬಿದ್ದಿದ್ದಳು.

"ನಿದ್ದಿ ಹತ್ತಿತ್ತು ಅತ್ತಿ. ಅಷ್ಟಕ್ಕ ಯಾಕ ಹೈರಾಣ ಆಗ್ತೀ?" ಎಂದೆ ಸಿಡುಕಿನಿಂದ.

ಅವಳು ಅಲ್ಲೇ ನೆಲದ ಮೇಲೆ ಕೂತಳು.

"ಅವತ್ತೂ ಹಿಂಗೇ ಗಿರಣಿ ನಿಂತಿತ್ತೋ ತಮ್ಮಾ. ನಾ ಮುಂದ ತಕ್ಕಡಿ ಹತ್ರ ಇದ್ದೆ. ಕರೆಂಟ್ ಹೋಗ್ಯದ ಅಂತ ತಿಳ್ಕೊಂಡೆ. ಬೇಮಳಖೇಡ ಊರಿನಾಕಿ ಒಬ್ಬಾಕಿ ಜ್ವಾಳ ತಂದಿದ್ಳು, ಆಕಿ ಕೂಡ ಆಕಿ ಮಗಳ ಲಗ್ನದ ಮಾತಾಡಕೋತ ನಿಂತೆ. ಹತ್ತು ಮಿನಿಟ್. ಕರೆಂಟ್ ಹೋಗಿರಲಿಲ್ಲೋ. ಎದ್ಯಾಗ ನೋವಾಗಿ ನಿಮ್ಮ ಮಾಮಾನೇ ಬಟನ್ ಬಂದ್ ಮಾಡಿ ಒಳಗ ಬೀಸೂ ಕಲ್ಲಿಗಿ ಒರಗಿ ಕುಂತಿದ್ರು. ಇದ್ದೀರೇನ್ರಿ ಅಂತ ಒಂದ್ ಸಲ ಕೂಗಿ ಕೇಳಿದ್ರ ನಂದೇನ್ ಹೋಗ್ತಿತ್ತು?"

ಅವಳ ಅಂಗೈಯ ಮುಳ್ಳು ತೆಗೆದೆ. ಆ ನಲವತ್ತೊಂದನ್ನು ಎಣಿಸಿದ್ದಕ್ಕೆ ನಾಚಿಕೆಯಾಯಿತು. ಅದನ್ನು ಶಾಲೆಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದೆ ಬೇರೆ.

ಆಮೇಲೆ ನನ್ನ ಶಾಲೆಯ ಕೆಲಸಕ್ಕೆ ಎರಡು ವಾರ ತಪ್ಪಿತು. ಎಳ್ಳಮಾವಾಸ್ಯೆಯೂ ಆಗಿಹೋಯಿತು. ಸಂಕ್ರಾಂತಿಯ ಹಿಂದಿನ ಭಾನುವಾರ ಮತ್ತೆ ಅದೇ ಬೇವಿನ ಮರ. ಈ ಸಲ ಮೊಬೈಲೂ ಇರಲಿಲ್ಲ. ನಾನು ಮರದ ಆಚೆ ಕೂತು, ಅವಳು ಕೇಳುವ ಮೊದಲೇ ಎರಡೆರಡು ನಿಮಿಷಕ್ಕೊಮ್ಮೆ ಕೂಗತೊಡಗಿದೆ.

"ಇದ್ದೀನತ್ತಿ!"

"ಗೊತ್ತಾತು."

"ಇದ್ದೀನತ್ತಿ!"

"ಹೂಂ."

ಗಾಳಿ ಎದ್ದಿತು. ಸ್ವಲ್ಪ ಹೊತ್ತಿಗೆ ಆ ಬದಿಯಿಂದ ಮಾತು ಬಂತು. "ಏ, ಅದು ತೊಗರಿ ಸಪ್ಪಳ ಅಲ್ಲೇನೋ? ಕಾಯಿ ಒಣಗ್ಯಾವ. ಈ ಕಡೀದು ಜ್ವಾಳ. ಇನ್ನಾ ಹಸಿ ಅದ, ಬೀಸಾಕ ಬರಂಗಿಲ್ಲ." ಗಿರಣಿಯ ಕಲ್ಲಿನ ನಡುವೆ ಬಿದ್ದ ಕಾಳು ಯಾವುದೆಂದು ಬೆನ್ನು ತಿರುಗಿಸಿಕೊಂಡೇ ಹೇಳುತ್ತಿದ್ದ ಕಿವಿ ಅದು. ನನಗೆ ಎರಡೂ ಒಂದೇ ಗಾಳಿಯಾಗಿ ಕೇಳುತ್ತಿದ್ದವು.

"ಇದ್ದೀನತ್ತಿ!" ಎಂದೆ. ಉತ್ತರವಿಲ್ಲ.

ಎರಡು ನಿಮಿಷ ಬಿಟ್ಟು ಇನ್ನೊಮ್ಮೆ ಕೂಗಿದೆ. ಉತ್ತರವಿಲ್ಲ. ತೊಗರಿ ಮಾತ್ರ ಸರಸರ ಎನ್ನುತ್ತಿತ್ತು. ಎದ್ದು, ಚಪ್ಪಲಿ ಅಲ್ಲೇ ಬಿಟ್ಟು, ಮರ ಸುತ್ತಿ ಓಡಿದೆ.

"ಅತ್ತಿ! ಇದ್ದೀ ಏನು? ಅತ್ತಿ!"

ಅತ್ತೆ ಬೇವಿನ ಬೊಡ್ಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ಕಣ್ಣು ತೆರೆಯದೆಯೇ ತುಟಿಯ ಮೇಲೆ ಬೆರಳಿಟ್ಟುಕೊಂಡಳು.

"ಸುಮ್ಕೂಡೋ. ಎಷ್ಟ್ ಗದ್ದಲ ಮಾಡ್ತೀ!"

ನನ್ನ ಆಯುಷ್ಯದಲ್ಲಿ ಮೊದಲ ಸಲ ಅತ್ತೆಯ ಪಿಸುಮಾತು ಕೇಳಿದೆ. ಅದು ಬಸ್‌ಸ್ಟ್ಯಾಂಡಿಗಿರಲಿ, ಮರದ ಆಚೆ ಬದಿಗೂ ಕೇಳುವಂತಿರಲಿಲ್ಲ.

ಸದ್ದು ಮಾಡದೆ ಅವಳ ಪಕ್ಕದಲ್ಲಿ ಕೂತು ತೋಳಿಗೆ ಪಟ್ಟಿ ಕಟ್ಟಿದೆ. ನೂರಾ ಮೂವತ್ತನಾಲ್ಕು. ಆಪರೇಷನ್ನಿಗೆ ಅಷ್ಟು ಸಾಕು. ನನ್ನ ತೋಳಿಗೆ ಕಟ್ಟಿ ನೋಡುವ ಧೈರ್ಯ ಮಾತ್ರ ಆಗಲಿಲ್ಲ.